ಕ್ರೈಸ್ತಮತದಲ್ಲಿ ದೇವರ ನಿರ್ವಿಕಾರತ್ವ

ದೇವರು ವಿಕಾರಹೊಂದುವವನಲ್ಲವೆಂಬ ಮಾತು ಕ್ರೈಸ್ತಮತದ ಪ್ರಮುಖ ಶಾಖೆಗಳ ಪ್ರಮಾಣಪತ್ರಗಳಲ್ಲಿ ಹೆಚ್ಚು ಕಡಮೆ ಒಂದೇ ರೀತಿಯಲ್ಲಿ ಕಂಡುಬರುತ್ತದೆ. ೧೨೧೫ರಲ್ಲಿ ರೋಮಿನಲ್ಲಿ ನೆರೆದ ನಾಲ್ಕನೆಯ ಲ್ಯಾಟರನ್ ಮಹಾಸಭೆಯೂ, ೧೬೪೬ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವೂ, ೧೮೭೦ರ ಮೊದಲನೆಯ ವ್ಯಾಟಿಕನ್ ಮಹಾಸಭೆಯೂ ಅನೇಕ ವಿಷಯಗಳಲ್ಲಿ ಒಂದನ್ನೊಂದು ಒಪ್ಪತಕ್ಕವುಗಳಲ್ಲವಾದರೂ ಈ ಒಂದು ವಿಶೇಷಣದಲ್ಲಿ ಅವುಗಳಿಗೆ ಭೇದವಿಲ್ಲ. ಆದರೆ ವಿಶೇಷಣವು ಒಂದೇ ಆದ ಮಾತ್ರಕ್ಕೆ ಅದರ ಅರ್ಥವೂ ನಿರ್ವಿವಾದವೆಂದು ತಿಳಿಯಲಾಗದು. ಬದಲಾಗುವ ದೇವರ ಮಾತನ್ನು ನಂಬುವುದು ಹೇಗೆ? ಬದಲಾಗದ ದೇವರಲ್ಲಿ ಪ್ರಾರ್ಥಿಸುವುದು ಏತಕ್ಕೆ? ಈ ಎರಡು ಪ್ರಶ್ನೆಗಳ ನಡುವೆ ಆ ಮತದ ದೇವತಾವಿಚಾರವು ಸುಮಾರು ಎರಡು ಸಾವಿರ ವರ್ಷಗಳಿಂದ ನಡೆದುಬಂದಿದೆ.

ಉಪನಿಷತ್ತುಗಳ ಪರಿಚಯವುಳ್ಳ ವಾಚಕರಿಗೆ ನಿರ್ವಿಕಾರವೆಂಬ ಪದವನ್ನು ಕೇಳಿದೊಡನೆ ನಿರ್ಗುಣವಾದ ಪರಬ್ರಹ್ಮವು ಮನಸ್ಸಿಗೆ ಬರುವುದು ಸಹಜ. ಪಾಶ್ಚಾತ್ಯ ವಿದ್ವಾಂಸರಲ್ಲಿಯೂ ಅನೇಕರು ಈ ಭಾವವು ಗ್ರೀಕರ ತತ್ತ್ವಶಾಸ್ತ್ರದಿಂದ ಬಂದ ಎರವಲಿನ ವಸ್ತುವೆಂದೂ, ಹೀಬ್ರೂ ಜನರ ಜೀವಂತನಾದ ದೇವರಿಗೆ ಅದು ಹೊಂದುವುದಿಲ್ಲವೆಂದೂ ವಾದಿಸಿದ್ದಾರೆ. ಎರಡು ಎಣಿಕೆಗಳಲ್ಲಿಯೂ ಸ್ವಲ್ಪ ಸತ್ಯಾಂಶವುಂಟು. ಆದರೆ ಮೂಲಗ್ರಂಥಗಳನ್ನು ಕ್ರಮವಾಗಿ ಪರಿಶೀಲಿಸಿದರೆ ಎರಡೂ ಸಾಲವು. ಈ ಪದಕ್ಕೆ ಕ್ರೈಸ್ತಮತದಲ್ಲಿ ನಿಶ್ಚಿತವಾದ ಅರ್ಥವು ಸಂದದ್ದು ಸೃಷ್ಟಿವಿಚಾರದಿಂದಲೂ ಅಲ್ಲ, ತರ್ಕಶಾಸ್ತ್ರದಿಂದಲೂ ಅಲ್ಲ; ಕೊಟ್ಟ ವಾಗ್ದಾನವು ನಿಲ್ಲುವುದೇ ಎಂಬ ಪ್ರಶ್ನೆಯಿಂದಲೂ, ದೇವರು ಮನುಷ್ಯನಾದಾಗ ಏನಾಯಿತೆಂಬ ಪ್ರಶ್ನೆಯಿಂದಲೂ.

ಹಳೆಯ ಒಡಂಬಡಿಕೆಯಲ್ಲಿ ಈ ವಿಷಯಕ್ಕೆ ಬಹಳವಾಗಿ ಉದಾಹರಿಸಲ್ಪಡುವ ಸ್ಥಳವು ಪ್ರವಾದಿಯಾದ ಮಲಾಕಿಯನ ಗ್ರಂಥದ ೩ನೆಯ ಅಧ್ಯಾಯದಲ್ಲಿದೆ. ಅಲ್ಲಿ ಯೆಹೋವನು ತಾನು ಮಾರ್ಪಡುವವನಲ್ಲವೆಂದು ಹೇಳುವುದು ಒಂದು ತತ್ತ್ವನಿರೂಪಣೆಗಾಗಿ ಅಲ್ಲ; ಆ ಕಾರಣದಿಂದಲೇ ಯಾಕೋಬನ ಸಂತತಿಯು ಇನ್ನೂ ನಾಶವಾಗದೆ ಉಳಿದಿದೆಯೆಂಬ ಫಲಿತಾರ್ಥಕ್ಕಾಗಿ. ಜನರು ಒಡಂಬಡಿಕೆಯನ್ನು ಮೀರಿದ್ದಾರೆ. ದಶಮಾಂಶವನ್ನು ಸಲ್ಲಿಸದೆ ವಂಚಿಸಿದ್ದಾರೆ. ಅವರ ನಡತೆಗೆ ತಕ್ಕಂತೆ ಆತನ ಮನಸ್ಸು ತಿರುಗುವುದಾಗಿದ್ದರೆ ಅವರು ಉಳಿಯುತ್ತಿರಲಿಲ್ಲ. ೧೦೨ನೆಯ ಕೀರ್ತನೆಯಲ್ಲಿ ಆಕಾಶಭೂಮಿಗಳು ವಸ್ತ್ರದಂತೆ ಹಳತಾಗಿ ಮಡಿಚಿಡಲ್ಪಡುವುವೆಂದೂ ದೇವರು ಮಾತ್ರ ಇದ್ದಂತೆಯೇ ಇರುವನೆಂದೂ ವರ್ಣಿಸಿದೆ. ಆ ಕೀರ್ತನೆಯ ಶಿರೋಲೇಖದಲ್ಲಿಯೇ ಅದು ಕುಗ್ಗಿದವನೊಬ್ಬನ ಮೊರೆಯೆಂದು ತಿಳಿಸಿದೆ. ತನ್ನ ದಿನಗಳು ಹೊಗೆಯಂತೆ ಕರಗುತ್ತಿರುವುದನ್ನು ಕಂಡವನು ಹಿಡಿದುಕೊಳ್ಳಲು ಆಸರೆಯನ್ನು ಹುಡುಕಿ ಹೇಳಿದ ಮಾತದು.

ಹೀಗಿರಲು ಅದೇ ಗ್ರಂಥಸಮೂಹದಲ್ಲಿ ದೇವರು ಮನಮರುಗಿದನೆಂದು ಹೇಳುವ ಸ್ಥಳಗಳೂ ಕಡಮೆಯಿಲ್ಲ. ಆದಿಕಾಂಡದ ೬ನೆಯ ಅಧ್ಯಾಯದಲ್ಲಿ ಮನುಷ್ಯರನ್ನು ಸೃಷ್ಟಿಸಿದುದಕ್ಕಾಗಿ ಆತನು ನೊಂದನೆಂದಿದೆ. ವಿಮೋಚನಕಾಂಡದ ೩೨ನೆಯ ಅಧ್ಯಾಯದಲ್ಲಿ, ಬಂಗಾರದ ಕರುವನ್ನು ಪೂಜಿಸಿದ ಜನರನ್ನು ಸಂಹರಿಸಬೇಕೆಂದಿದ್ದವನು ಮೋಶೆಯ ಬಿನ್ನಹದಿಂದ ಆ ಕೇಡನ್ನು ಮಾಡದೆ ಬಿಟ್ಟನೆಂದಿದೆ. ಈ ಎರಡು ಪರಿಯ ಮಾತುಗಳೂ ಒಂದೇ ಕಥೆಯೊಳಗೆ ಎದುರುಬದುರಾಗಿ ನಿಂತಿರುವುದು ಸಮುವೇಲನ ಮೊದಲನೆಯ ಗ್ರಂಥದ ೧೫ನೆಯ ಅಧ್ಯಾಯದಲ್ಲಿ. ಈ ವಿಷಯದ ವಿಚಾರಕ್ಕೆ ಅದಕ್ಕಿಂತ ಉತ್ತಮವಾದ ಪರೀಕ್ಷಾಸ್ಥಳವಿಲ್ಲ. ಅಮಾಲೇಕ್ಯರ ಮೇಲೆ ಯುದ್ಧಕ್ಕೆ ಹೋದ ಸೌಲನು ಅವರ ಅರಸನಾದ ಅಗಾಗನನ್ನೂ ಒಳ್ಳೆಯ ಕುರಿದನಗಳನ್ನೂ ಆಜ್ಞೆಗೆ ವಿರುದ್ಧವಾಗಿ ಉಳಿಸಿಕೊಳ್ಳುತ್ತಾನೆ. ಸೌಲನನ್ನು ಅರಸನನ್ನಾಗಿ ಮಾಡಿದುದಕ್ಕಾಗಿ ತಾನು ಮನಮರುಗಿರುವುದಾಗಿ ದೇವರು ಸಮುವೇಲನಿಗೆ ತಿಳಿಸುತ್ತಾನೆ. ಪ್ರವಾದಿಯು ಅದನ್ನು ಕೇಳಿ ರಾತ್ರಿಯೆಲ್ಲ ಮೊರೆಯಿಡುತ್ತಾನೆ. ಮರುದಿನ ಸೌಲನು ತಪ್ಪನ್ನೊಪ್ಪಿ, ಹೊರಟುಹೋಗುತ್ತಿದ್ದ ಸಮುವೇಲನ ನಿಲುವಂಗಿಯ ಅಂಚನ್ನು ಹಿಡಿದೆಳೆಯಲು ಅದು ಹರಿಯುತ್ತದೆ. ರಾಜ್ಯವು ಅದರಂತೆಯೇ ಹರಿದುಹೋಯಿತೆಂದು ಹೇಳುವ ಸಮುವೇಲನು, ಇಸ್ರಾಯೇಲಿನ ದೇವರು ಮನುಷ್ಯನಲ್ಲವಾದುದರಿಂದ ಮನಮರುಗುವವನಲ್ಲವೆಂದು ಕೂಡಿಸುತ್ತಾನೆ. ಅಧ್ಯಾಯವು ಮುಗಿಯುವುದು ದೇವರು ಸೌಲನ ವಿಷಯದಲ್ಲಿ ಮನಮರುಗಿದನೆಂಬ ಮಾತಿನಿಂದಲೇ.

ಹೀಬ್ರೂ ಮೂಲದಲ್ಲಿ ಈ ಮೂರು ಕಡೆಗಳಲ್ಲಿಯೂ ಕ್ರಿಯಾಪದವು ಒಂದೇ. ಅದರ ಧಾತು ‘ನಾಹಮ್’. ಸಂತೈಸುವುದೆಂಬ ಅರ್ಥವನ್ನು ಕೊಡುವ ರೂಪಗಳೂ ಅದೇ ಧಾತುವಿನಿಂದ ಹುಟ್ಟಿದವು. ನಹೂಮ, ನೆಹೆಮೀಯ ಎಂಬ ಹೆಸರುಗಳಲ್ಲಿ ಇರುವುದು ಅದೇ. ಒಳಗಿನ ಭಾವದ ಬಲದಿಂದ ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಸರಿಯುವುದು ಇದರ ವ್ಯಾಪಕಾರ್ಥವೆನ್ನಬಹುದು. ಕನ್ನಡದ ‘ಪಶ್ಚಾತ್ತಾಪ’ವೆಂಬ ಪದವು ಈ ಅರ್ಥಕ್ಕೆ ಸರಿಯಾಗಿ ಹೊಂದುವುದಿಲ್ಲ, ಆ ಪದದೊಡನೆ ಮಾಡಿದ ಪಾಪದ ಅರಿವೂ ಬೆರೆತುಬರುತ್ತದೆ. ಹೀಬ್ರೂ ಪದಕ್ಕೆ ಅದು ಅನಿವಾರ್ಯವಲ್ಲ.

ಒಂದೇ ಅಧ್ಯಾಯದಲ್ಲಿ ಇಂತಹ ವಿರೋಧವು ಸಂಕಲನಕಾರನ ಅನವಧಾನದಿಂದ ಬಂದಿತೆಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಹಿಂದೆ ಮುಂದೆ ಎರಡು ಕಡೆಗಳಲ್ಲಿಯೂ ಒಂದೇ ಮಾತನ್ನಿಟ್ಟು ನಡುವೆ ಅದರ ನಿಷೇಧವನ್ನಿಟ್ಟ ಕಥನದಲ್ಲಿ ಅನವಧಾನಕ್ಕಿಂತ ಅವಧಾನವೇ ಹೆಚ್ಚಾಗಿ ಕಾಣುತ್ತದೆ. ನಿಷೇಧದ ವಾಕ್ಯವನ್ನು ಎಚ್ಚರದಿಂದ ಓದಬೇಕು. ಅದು ದೇವರಿಗೆ ಮರುಕವಿಲ್ಲವೆನ್ನುವುದಿಲ್ಲ. ಮನುಷ್ಯನು ಮರುಗುವ ರೀತಿಯಲ್ಲಿ ಮರುಗುವವನಲ್ಲವೆನ್ನುತ್ತದೆ. ಸುಳ್ಳಾಡುವವನಲ್ಲವೆಂಬ ಮಾತೂ ಅಲ್ಲಿ ಜೊತೆಯಾಗಿಯೇ ಇದೆ. ಅರಣ್ಯಕಾಂಡದ ೨೩ನೆಯ ಅಧ್ಯಾಯದಲ್ಲಿ ಬಿಳಾಮನ ಬಾಯಿಂದ ಹೊರಟ ಮಾತಿನಲ್ಲಿಯೂ ಇದೇ ಜೋಡಿಯುಂಟು. ಆಡಿದ ಮಾತಿಗೆ ತಪ್ಪುವ ಚಾಂಚಲ್ಯವನ್ನು ಅಲ್ಲಿ ನಿರಾಕರಿಸಿದೆಯೇ ಹೊರತು ಭಾವವನ್ನಲ್ಲ.

ಇದಕ್ಕಿಂತ ಗಂಭೀರವಾದ ಸಾಕ್ಷ್ಯವು ಯೋನನ ಗ್ರಂಥದಲ್ಲಿದೆ. ನಿನೆವೆಯ ಜನರು ದುರ್ಮಾರ್ಗವನ್ನು ಬಿಟ್ಟುದನ್ನು ಕಂಡು ದೇವರು ಅವರಿಗೆ ಮಾಡುವೆನೆಂದಿದ್ದ ಕೇಡನ್ನು ಮಾಡದೆ ಹೋಗುತ್ತಾನೆ. ಪ್ರವಾದಿಗೆ ಇದರಿಂದ ಸಿಟ್ಟು ಬರುತ್ತದೆ. ಆದರೆ ದೇವರು ಬದಲಾದನೆಂಬುದು ಆತನ ದೂರಲ್ಲ. ಹೀಗೆಯೇ ಆಗುವುದೆಂದು ತನಗೆ ಮೊದಲೇ ಗೊತ್ತಿತ್ತೆಂಬುದು ದೂರು. ಕನಿಕರ, ದೀರ್ಘಶಾಂತಿ, ಮಹಾಕೃಪೆಗಳೊಡನೆ, ಕೇಡನ್ನು ಮಾಡದೆ ಮನಮರುಗುವುದನ್ನೂ ಆತನು ದೇವರ ನಿತ್ಯಗುಣಗಳ ಪಟ್ಟಿಯಲ್ಲಿ ಸೇರಿಸುತ್ತಾನೆ. ಎಂದಮೇಲೆ ಮನಮರುಗುವಿಕೆಯೇ ಇಲ್ಲಿ ಮಾರ್ಪಡದ ಸ್ವಭಾವದ ಒಂದು ಅಂಶವಾಯಿತು. ಯೆರೆಮೀಯನ ೧೮ನೆಯ ಅಧ್ಯಾಯದಲ್ಲಿ ಕುಂಬಾರನ ದೃಷ್ಟಾಂತದೊಡನೆ ಇದನ್ನು ನಿಯಮವಾಗಿಯೇ ಹೇಳಿದೆ: ಜನಾಂಗವು ತಿರುಗಿದರೆ ದಂಡನೆಯು ನಿಲ್ಲುತ್ತದೆ, ಜನಾಂಗವು ಕೆಟ್ಟರೆ ಆಶೀರ್ವಾದವು ನಿಲ್ಲುತ್ತದೆ. ಹೀಬ್ರೂ ಗ್ರಂಥಗಳಿಗೂ ನಿರ್ವಿಕಾರತ್ವಕ್ಕೂ ಸಂಬಂಧವಿಲ್ಲವೆಂಬ ವಾದವು ಈ ಸ್ಥಳಗಳನ್ನು ಅವಸರದಿಂದ ಓದಿದುದರ ಫಲವೆಂದು ಹೇಳಲೇಬೇಕು.

ಗ್ರೀಕ್ ಭಾಷೆಯ ಪ್ರವೇಶದಿಂದ ಸಂಗತಿಯು ಮಾರ್ಪಟ್ಟಿತೆಂಬುದು ನಿಜ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಮೊದಲ್ಗೊಂಡು ಅಲೆಕ್ಸಾಂಡ್ರಿಯದ ಯೆಹೂದ್ಯರು ಮಾಡಿದ ಭಾಷಾಂತರವು ಆದಿಕಾಂಡದ ಮೇಲ್ಕಂಡ ಸ್ಥಳದಲ್ಲಿ ದೇವರು ನೊಂದನೆಂಬುದಕ್ಕೆ ಬದಲಾಗಿ ಆಲೋಚಿಸಿದನೆಂಬ ಅರ್ಥದ ಪದವನ್ನು ಬಳಸಿದೆ. ವಿಮೋಚನಕಾಂಡದ ೩೨ರಲ್ಲಿ ಪ್ರಸನ್ನನಾದನೆಂಬ ಅರ್ಥದ ಪದವನ್ನಿಟ್ಟಿದೆ. ಭಾಷಾಂತರಕಾರರಿಗೆ ಮೂಲದ ಒರಟುತನವು ಸಂಕೋಚವನ್ನುಂಟುಮಾಡಿತೆಂದು ತೋರುತ್ತದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಹೀಬ್ರೂವಿನಿಂದ ನೇರವಾಗಿ ಲ್ಯಾಟಿನ್ನಿಗೆ ತಂದ ಜೆರೋಮನು ಮೊದಲನೆಯ ಕಡೆ ನೋವಿನ ಪದವನ್ನು ಮತ್ತೆ ತಂದನಾದರೂ ಎರಡನೆಯ ಕಡೆ ಪ್ರಸನ್ನತೆಯ ಪದದಲ್ಲಿಯೇ ತೃಪ್ತನಾದನು. ವಿಮೋಚನಕಾಂಡದ ೩ನೆಯ ಅಧ್ಯಾಯದಲ್ಲಿ ಮೋಶೆಗೆ ದೊರೆತ ದೇವನಾಮದ ಕಥೆಯೂ ಇಂತಹುದೇ. ಹೀಬ್ರೂವಿನ ಕ್ರಿಯಾರೂಪವು ಇರುವೆನೆಂಬುದಕ್ಕೂ ಮುಂದೆ ಇರುವವನಾಗುವೆನೆಂಬುದಕ್ಕೂ ಎಡೆಗೊಡುತ್ತದೆ. ಗ್ರೀಕಿನಲ್ಲಿ ಅದು ‘ಇರುವಾತ’ನೆಂಬ ಸ್ಥಿರವಾದ ಕೃದಂತವಾಯಿತು. ಜೊತೆಗೆ ಬರುವೆನೆಂಬ ಮಾತು ಸತ್ತಾಮಾತ್ರದ ನಾಮವಾಯಿತು.

ಈ ಗ್ರೀಕ್ ಪಾಠವನ್ನೇ ಆಧಾರವಾಗಿಟ್ಟುಕೊಂಡು ಕ್ರಿಸ್ತಶಕದ ಮೊದಲನೆಯ ಶತಮಾನದ ಪೂರ್ವಾರ್ಧದಲ್ಲಿ ಅಲೆಕ್ಸಾಂಡ್ರಿಯದ ಫಿಲೋ ಎಂಬ ಯೆಹೂದ್ಯ ಪಂಡಿತನು ದೇವರು ನಿರ್ವಿಕಾರನೆಂಬುದರ ಮೇಲೆ ಒಂದು ಗ್ರಂಥವನ್ನೇ ಬರೆದನು. ಅವನ ಹಿಂದೆ ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದ ವಾದವಿದೆ: ಪರಿಪೂರ್ಣವಾದುದು ಬದಲಾದರೆ ಕೀಳಾಗಲೇಬೇಕು, ತಾನಾಗಿ ಕೀಳಾಗಲು ಯಾರೂ ಒಪ್ಪುವುದಿಲ್ಲವಾದುದರಿಂದ ದೇವರು ಬದಲಾಗನು. ಅರಿಸ್ಟಾಟಲನ ಅಧ್ಯಾತ್ಮಶಾಸ್ತ್ರದಲ್ಲಿ ಬರುವ, ತಾನು ಚಲಿಸದೆ ಉಳಿದುದೆಲ್ಲವನ್ನೂ ಚಲಿಸುವಂತೆ ಮಾಡುವ ತತ್ತ್ವವು ಇನ್ನೂ ಒಂದು ಹೆಜ್ಜೆ ಮುಂದಿನದು. ಅದು ತನ್ನನ್ನೇ ಚಿಂತಿಸುತ್ತಿರುತ್ತದೆ, ಪ್ರಿಯವಸ್ತುವು ಪ್ರೇಮಿಯನ್ನು ಸೆಳೆಯುವಂತೆ ಲೋಕವನ್ನು ಸೆಳೆಯುತ್ತದೆ. ಆ ತತ್ತ್ವವು ಯಾರಿಗೂ ವಾಗ್ದಾನವನ್ನು ಕೊಟ್ಟುದಿಲ್ಲ. ಕ್ರೈಸ್ತ ಆಚಾರ್ಯರು ಗ್ರೀಕರಿಂದ ಪದಗಳನ್ನೂ ವಾದಗಳನ್ನೂ ಧಾರಾಳವಾಗಿ ತೆಗೆದುಕೊಂಡರು. ಈ ಒಂದು ಕೊರತೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಹೊಸ ಒಡಂಬಡಿಕೆಯಲ್ಲಿ ಎರಡು ಸ್ಥಳಗಳು ಮುಖ್ಯವಾದವು. ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ದೇವರನ್ನು ಬೆಳಕುಗಳ ತಂದೆಯೆಂದು ಕರೆದು, ಆತನಲ್ಲಿ ವ್ಯತ್ಯಾಸವಾಗಲಿ ತಿರುಗುವಿಕೆಯ ನೆರಳಾಗಲಿ ಇಲ್ಲವೆಂದಿದೆ. ತಿರುಗುವಿಕೆಗೆ ಅಲ್ಲಿರುವ ಗ್ರೀಕ್ ಪದ ‘ತ್ರೊಪೆ’; ಸೂರ್ಯನ ಅಯನಪರಿವರ್ತನೆಗೂ ಅದೇ ಹೆಸರು. ಸೂರ್ಯಚಂದ್ರರಿಗಾದರೆ ಏರಿಳಿತಗಳುಂಟು, ಅವುಗಳನ್ನು ಹಡೆದವನಿಗೆ ಇಲ್ಲವೆಂಬುದು ಭಾವ. ಇಬ್ರಿಯರಿಗೆ ಬರೆದ ಪತ್ರಿಕೆಯಾದರೋ ೧೦೨ನೆಯ ಕೀರ್ತನೆಯ ಆ ವಸ್ತ್ರದ ಉಪಮಾನವನ್ನು ಮಗನಾದ ಕ್ರಿಸ್ತನಿಗೇ ಅನ್ವಯಿಸಿ, ಕೊನೆಯ ಅಧ್ಯಾಯದಲ್ಲಿ ಆತನು ನಿನ್ನೆ ಇಂದು ಎಂದೆಂದಿಗೂ ಒಂದೇ ರೀತಿಯಾಗಿರುವನೆಂದು ಸಾರುತ್ತದೆ. ಈ ಅನ್ವಯವೇ ನಾಲ್ಕನೆಯ ಶತಮಾನದ ಮಹಾವಿವಾದಕ್ಕೆ ಬೀಜವಾಯಿತು.

ಅಲೆಕ್ಸಾಂಡ್ರಿಯದ ಯಾಜಕನಾದ ಆರಿಯಸನು ಮಗನು ತಂದೆಯಿಂದ ಸೃಷ್ಟನಾದವನೆಂದು ಬೋಧಿಸಿದನು. ಸೃಷ್ಟವಾದುದಕ್ಕೆಲ್ಲ ವಿಕಾರವುಂಟಾದುದರಿಂದ ಮಗನಿಗೂ ಅದು ತಪ್ಪದೆಂಬುದು ಆ ಬೋಧನೆಯ ಸಹಜವಾದ ಫಲಿತ. ಸ್ವಭಾವದಿಂದ ಮಗನು ಬದಲಾಗಬಲ್ಲವನು, ಸ್ವಸಂಕಲ್ಪದಿಂದ ಮಾತ್ರ ಒಳ್ಳೆಯವನಾಗಿ ಉಳಿದಿದ್ದಾನೆ ಎಂದು ಆರಿಯಸನ ‘ಥಾಲಿಯ’ ಎಂಬ ರಚನೆಯಲ್ಲಿ ಇದ್ದುದಾಗಿ ಅಥನಾಸಿಯಸನು ತಿಳಿಸುತ್ತಾನೆ. ಆದರೆ ಆರಿಯಸನು ತನ್ನ ಬಿಷಪನಾದ ಅಲೆಕ್ಸಾಂಡರನಿಗೆ ಬರೆದ ಪತ್ರದಲ್ಲಿ ಮಗನು ನಿರ್ವಿಕಾರನೆಂದೇ ಇದೆ. ಸ್ವಂತ ಸಂಕಲ್ಪದಿಂದ ಎಂಬ ಪದಗಳು ಆ ವಾಕ್ಯದಲ್ಲಿ ಹಿಂದಿನ ಮಾತಿಗೆ ಅನ್ವಯಿಸುವುವೋ ಮುಂದಿನದಕ್ಕೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊದಲನೆಯ ಅನ್ವಯದಂತೆ ತಂದೆಯು ತನ್ನ ಇಚ್ಛೆಯಿಂದ ನಿರ್ವಿಕಾರನಾದ ಮಗನನ್ನು ಉಂಟುಮಾಡಿದನೆಂದಾಗುತ್ತದೆ. ಎರಡನೆಯದರಂತೆ ಮಗನು ತನ್ನ ಇಚ್ಛೆಯಿಂದ ನಿರ್ವಿಕಾರನಾಗಿದ್ದಾನೆಂದಾಗುತ್ತದೆ. ಎರಡನೆಯ ಅನ್ವಯವನ್ನು ಹಿಡಿದರೆ ಪತ್ರಕ್ಕೂ ‘ಥಾಲಿಯ’ಕ್ಕೂ ವಿರೋಧವಿರುವುದಿಲ್ಲ.

ಇದು ಬರಿಯ ಪದಗಳ ಜಗಳವೆಂದು ತೋರಬಹುದು. ಅದು ಹಾಗಲ್ಲವೆಂಬುದನ್ನು ಅಲೆಕ್ಸಾಂಡರನು ಇತರ ಬಿಷಪರಿಗೆ ಕಳುಹಿಸಿದ ಸುತ್ತೋಲೆಯ ಒಂದು ಪ್ರಸಂಗವು ತೋರಿಸುತ್ತದೆ. ಸೈತಾನನು ಕೆಟ್ಟಂತೆ ದೇವರ ವಾಕ್ಯವಾದ ಮಗನೂ ಕೆಡಬಹುದೇ ಎಂದು ಯಾರೋ ಆರಿಯಸನ ಪಕ್ಷದವರನ್ನು ಕೇಳಲು, ಅವರು ಅಂಜದೆ ಹೌದೆಂದರಂತೆ. ಎದುರುಪಕ್ಷದವರು ಬರೆದ ವರದಿಯಾದುದರಿಂದ ಇದನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಆದರೆ ಪ್ರಶ್ನೆಯು ಸರಿಯಾದ ಸ್ಥಳವನ್ನೇ ಮುಟ್ಟಿದೆ. ಮನುಷ್ಯರ ರಕ್ಷಣೆಯು ಯಾರನ್ನು ಆಶ್ರಯಿಸಿದೆಯೋ ಆತನು ನಾಳೆ ಬೇರೆಯವನಾಗುವ ಸಂಭವವಿದ್ದರೆ ಆ ರಕ್ಷಣೆಗೆ ಬೆಲೆಯೇನು? ೩೨೫ರಲ್ಲಿ ನೈಸಿಯದಲ್ಲಿ ನೆರೆದ ಮಹಾಸಭೆಯು ವಿಶ್ವಾಸಪ್ರಮಾಣದ ಕೊನೆಯಲ್ಲಿ ಸೇರಿಸಿದ ಬಹಿಷ್ಕಾರವಾಕ್ಯದಲ್ಲಿ, ದೇವಕುಮಾರನು ‘ತ್ರೆಪ್ತೊಸ್’ ಎಂದರೆ ತಿರುಗತಕ್ಕವನು, ‘ಅಲ್ಲೊಯಿಯೋತೊಸ್’ ಎಂದರೆ ಬೇರೆಯಾಗತಕ್ಕವನು, ಎನ್ನುವವರನ್ನು ಹೆಸರಿಸಿದೆ. ಮೊದಲನೆಯ ಪದವು ಯಾಕೋಬನ ‘ತ್ರೊಪೆ’ಗೆ ಒಡಹುಟ್ಟು. ಇಂದು ಚರ್ಚುಗಳಲ್ಲಿ ನೈಸಿಯದ ಹೆಸರಿನಿಂದ ಪಠಿಸಲ್ಪಡುವ ಪ್ರಮಾಣವು ೩೮೧ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸಂಬಂಧಪಟ್ಟುದು. ಅದರಲ್ಲಿ ಈ ಬಹಿಷ್ಕಾರವಾಕ್ಯವಿಲ್ಲವಾದುದರಿಂದ ಈ ಎರಡು ಪದಗಳು ಅನೇಕರಿಗೆ ಅಪರಿಚಿತವಾಗಿಯೇ ಉಳಿದಿವೆ.

ಆರಿಯಸನ ಪಕ್ಷಕ್ಕೂ ಶಾಸ್ತ್ರಾಧಾರವಿಲ್ಲದಿರಲಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಕ್ರಿಸ್ತನು ವಿಧೇಯನಾದ ಕಾರಣ ದೇವರು ಆತನನ್ನು ಮೇಲಕ್ಕೇರಿಸಿದನೆಂದಿದೆ. ಬಹುಮಾನವನ್ನು ಪಡೆದವನು ಮೊದಲು ಅದಿಲ್ಲದವನಾಗಿದ್ದನೆಂದೇ ಅರ್ಥವೆಂದು ಅವರು ವಾದಿಸಿದರು. ಮೇಲೇರಿದುದು ವಾಕ್ಯವಲ್ಲ, ವಾಕ್ಯವು ಧರಿಸಿದ ಮಾನುಷತ್ವವೆಂದು ಅಥನಾಸಿಯಸನು ಉತ್ತರಕೊಟ್ಟನು. ಉತ್ತರವು ಚತುರವಾದುದು, ಆದರೆ ಅದು ಪ್ರಶ್ನೆಯನ್ನು ಮುಗಿಸದೆ ಮುಂದಿನ ಶತಮಾನಕ್ಕೆ ದಾಟಿಸಿತು. ಇಷ್ಟರಲ್ಲಿ ಅದೇ ಪಕ್ಷದ ನಿಸ್ಸದ ಗ್ರೆಗೊರಿಯು ವಿಕಾರವೆಂಬುದು ಮನುಷ್ಯನಿಗೆ ಶಾಪವಲ್ಲವೆಂದೂ, ಮೇಲಿನದರ ಕಡೆಗೆ ಹಾರಲು ಅದೇ ರೆಕ್ಕೆಯೆಂದೂ ಬರೆದುದು ಸ್ಮರಣೀಯ. ನಿರ್ವಿಕಾರನಾದ ದೇವರನ್ನು ಒಪ್ಪಿದವರೆಲ್ಲರೂ ಬದಲಾವಣೆಯನ್ನು ಹೀನಾಯವಾಗಿ ಕಂಡರೆಂಬ ಮಾತಿಗೆ ಇದು ಸಾಕಾದ ಪ್ರತ್ಯುತ್ತರ.

ಲ್ಯಾಟಿನ್ ಭಾಷೆಯಲ್ಲಿ ಈ ಭಾವವನ್ನು ಎಲ್ಲರಿಗಿಂತಲೂ ಆಳವಾಗಿ ಅನುಭವಿಸಿ ಬರೆದವನು ಆಗಸ್ಟೀನ್ (೩೫೪–೪೩೦). ಯೌವನದಲ್ಲಿ ಆತನು ಬೆಳಕು ಕತ್ತಲೆಗಳೆಂಬ ಎರಡು ಮೂಲತತ್ತ್ವಗಳ ಯುದ್ಧವನ್ನು ಬೋಧಿಸುತ್ತಿದ್ದ ಮಾನಿಯ ಮತವನ್ನು ಅನುಸರಿಸಿದ್ದನು. ಆತನ ಗೆಳೆಯನಾದ ನೆಬ್ರಿಡಿಯಸನು ಆ ಮತದ ಮೇಲೆ ತಂದ ಒಂದು ಆಕ್ಷೇಪವು ‘ಆತ್ಮನಿವೇದನೆ’ಯ ಏಳನೆಯ ಪುಸ್ತಕದಲ್ಲಿ ಉಳಿದುಬಂದಿದೆ. ದೇವರು ಯುದ್ಧಮಾಡಲು ಒಪ್ಪದಿದ್ದರೆ ಕತ್ತಲೆಯು ಆತನಿಗೆ ಏನಾದರೂ ಹಾನಿಮಾಡಬಲ್ಲುದೇ? ಮಾಡಬಲ್ಲುದಾದರೆ ಆತನು ಕೆಡತಕ್ಕವನು. ಮಾಡಲಾರದಾದರೆ ಯುದ್ಧವು ಏತಕ್ಕೆ? ಈ ಇಕ್ಕುಳದಿಂದ ಮಾನಿಯ ಮತಕ್ಕೆ ಬಿಡುಗಡೆಯಿಲ್ಲ. ಕೆಡದಿರುವುದು ಕೆಡುವುದಕ್ಕಿಂತಲೂ, ಬದಲಾಗದಿರುವುದು ಬದಲಾಗುವುದಕ್ಕಿಂತಲೂ ಶ್ರೇಷ್ಠವೆಂಬುದು ತನಗೆ ಹೇಗೆ ಎಲ್ಲಿಂದ ತಿಳಿಯಿತೋ ಅರಿಯದೆಯೇ ಖಚಿತವಾಗಿತ್ತೆಂದು ಆಗಸ್ಟೀನನು ಅಲ್ಲಿಯೇ ಬರೆಯುತ್ತಾನೆ. ನಿರಾಕಾರವಾದುದನ್ನು ಚಿಂತಿಸುವ ಶಕ್ತಿಯೂ ಬರುವುದಕ್ಕೆ ಮುಂಚೆ ಆತನಿಗೆ ದೊರೆತ ಮೊದಲ ನೆಲೆಯಿದು.

ಆದರೆ ಸೃಷ್ಟಿಮಾಡಿದ ದೇವರು ಅದಕ್ಕೆ ಮುಂಚೆ ಒಡೆಯನಾಗಿರಲಿಲ್ಲ, ಅನಂತರ ಒಡೆಯನಾದನು, ಇದು ಬದಲಾವಣೆಯಲ್ಲವೇ? ‘ತ್ರಿತ್ವವಿಚಾರ’ದ ಐದನೆಯ ಪುಸ್ತಕದಲ್ಲಿ ಇದಕ್ಕೆ ಆಗಸ್ಟೀನನು ಕೊಡುವ ದೃಷ್ಟಾಂತವು ಪೇಟೆಯದು. ನಾಣ್ಯವನ್ನು ವಸ್ತುವಿಗಾಗಿ ಕೊಟ್ಟಾಗ ಅದಕ್ಕೆ ಬೆಲೆಯೆಂಬ ಹೆಸರು ಬರುತ್ತದೆ, ಒತ್ತೆಯಿಟ್ಟಾಗ ಒತ್ತೆಯೆಂಬ ಹೆಸರು ಬರುತ್ತದೆ. ಲೋಹದಲ್ಲಾಗಲಿ ಮುದ್ರೆಯಲ್ಲಾಗಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ದೇವರ ಕೋಪಪ್ರಸಾದಗಳಿಗೆ ‘ದೇವನಗರ’ದ ಕೊನೆಯ ಪುಸ್ತಕದಲ್ಲಿ ಬೇರೊಂದು ಉಪಮಾನವಿದೆ: ಕಣ್ಣು ಬೇನೆಯಿಂದ ಕೆಂಪಾದವನಿಗೆ ನಿನ್ನೆಯವರೆಗೆ ಹಿತವಾಗಿದ್ದ ಬಿಸಿಲು ಇಂದು ಕ್ರೂರವಾಗುತ್ತದೆ; ಸೂರ್ಯನು ಇದ್ದಂತೆಯೇ ಇದ್ದಾನೆ. ಈ ದೃಷ್ಟಾಂತಗಳು ಮನೋಹರವಾಗಿವೆ; ಆದರೆ ನಾಣ್ಯಕ್ಕೆ ತಾನು ಬೆಲೆಯಾದುದರ ಅರಿವಿಲ್ಲ, ಸೂರ್ಯನಿಗೆ ಬೇನೆಯವನ ಚಿಂತೆಯಿಲ್ಲ. ಆಗಸ್ಟೀನನ ದೇವರಿಗೆ ಅರಿವೂ ಚಿಂತೆಯೂ ಇವೆ. ದೃಷ್ಟಾಂತವು ದಾರ್ಷ್ಟಾಂತಿಕವನ್ನು ಮುಟ್ಟದೆ ನಿಂತ ಈ ಸ್ಥಳದಲ್ಲಿಯೇ ಮುಂದಿನವರ ಆಕ್ಷೇಪಗಳೆಲ್ಲ ಹುಟ್ಟಿದವು.

ಎಲ್ಲಕ್ಕಿಂತ ಕಠಿನವಾದ ಪರೀಕ್ಷೆಯು ನರಾವತಾರದ ವಿಷಯದಲ್ಲಿ ಬಂದಿತು. ಯೋಹಾನನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ವಾಕ್ಯವು ಮಾಂಸವಾಯಿತೆಂದು ಹೇಳಿದೆ. ಆಯಿತೆಂಬುದು ವಿಕಾರವನ್ನು ಹೇಳುವ ಕ್ರಿಯೆ. ಹಾಲು ಮೊಸರಾಯಿತೆಂದರೆ ಹಾಲು ಉಳಿಯುವುದಿಲ್ಲ. ವಾಕ್ಯವು ಮಾಂಸವಾಗಿ ಮಾರ್ಪಟ್ಟರೆ ದೇವರು ದೇವರಾಗಿ ಉಳಿಯಲಿಲ್ಲ. ಮಾರ್ಪಡದಿದ್ದರೆ ಆಯಿತೆಂಬ ಮಾತು ಸುಳ್ಳಾಯಿತು. ಕೊರಿಂಥದ ಎಪಿಕ್ಟೇಟಸನಿಗೆ ಬರೆದ ಪತ್ರದಲ್ಲಿ ಅಥನಾಸಿಯಸನು ಪೌಲನ ಪ್ರಯೋಗವೊಂದನ್ನು ಮುಂದಿಟ್ಟನು: ಕ್ರಿಸ್ತನು ನಮಗೋಸ್ಕರ ಶಾಪವಾದನೆಂದು ಗಲಾತ್ಯರಿಗೆ ಬರೆದ ಪತ್ರಿಕೆಯಲ್ಲಿದೆ, ಆತನು ಶಾಪವಾಗಿ ಮಾರ್ಪಟ್ಟನೆಂದು ಯಾರೂ ಅರ್ಥಮಾಡುವುದಿಲ್ಲ, ಶಾಪವನ್ನು ತನ್ನ ಮೇಲೆ ತೆಗೆದುಕೊಂಡನೆಂದೇ ಅರ್ಥ. ಮಾಂಸವಾದನೆಂಬುದೂ ಹಾಗೆಯೇ. ಸುಮಾರು ೪೪೭ರಲ್ಲಿ ಸೈರಸ್ ಪಟ್ಟಣದ ಥಿಯೊಡೊರೆಟನು ಸಂಭಾಷಣೆಯ ರೂಪದಲ್ಲಿ ಬರೆದ ‘ಎರಾನಿಸ್ಟೆಸ್’ ಎಂಬ ಗ್ರಂಥದ ಮೊದಲನೆಯ ಭಾಗಕ್ಕೆ ‘ಅತ್ರೆಪ್ತೊಸ್’, ಎಂದರೆ ನಿರ್ವಿಕಾರ, ಎಂದೇ ಹೆಸರು. ಹಳೆಯ ಪಾಷಂಡಮತಗಳ ಚಿಂದಿಗಳನ್ನು ತಿರಿದು ತಂದು ಹೊಲಿದುಕೊಂಡವನೆಂಬ ಹಾಸ್ಯದಿಂದ ಪ್ರತಿವಾದಿಗೆ ಭಿಕ್ಷುಕನೆಂಬ ಅರ್ಥದ ಹೆಸರನ್ನಿಟ್ಟಿದೆ.

೪೫೧ರ ಕ್ಯಾಲ್ಸಿಡನ್ ಮಹಾಸಭೆಯು ಕ್ರಿಸ್ತನಲ್ಲಿ ದೈವ ಮಾನುಷ ಸ್ವಭಾವಗಳೆರಡೂ ಬೆರಕೆಯಿಲ್ಲದೆ, ವಿಕಾರವಿಲ್ಲದೆ, ವಿಭಾಗವಿಲ್ಲದೆ, ಅಗಲಿಕೆಯಿಲ್ಲದೆ ಇವೆಯೆಂದು ನಾಲ್ಕು ಕ್ರಿಯಾವಿಶೇಷಣಗಳಿಂದ ನಿರ್ಣಯಿಸಿತು. ನಾಲ್ಕೂ ನಿಷೇಧರೂಪದವು. ಹೇಗಿದೆಯೆಂದು ಹೇಳದೆ ಹೇಗಿಲ್ಲವೆಂದು ಮಾತ್ರ ಹೇಳಿದ ಈ ಸಂಯಮವು ಉಪನಿಷತ್ತಿನ ನೇತಿವಾದವನ್ನು ಬಲ್ಲವರಿಗೆ ಅಪರಿಚಿತವಲ್ಲ. ಇವುಗಳಲ್ಲಿ ಎರಡನೆಯದು ನೈಸಿಯದಲ್ಲಿ ಮಗನ ಸ್ವರೂಪದ ವಿಷಯದಲ್ಲಿ ನಿಷೇಧಿಸಿದುದನ್ನೇ ಆತನ ಅವತಾರದ ವಿಷಯದಲ್ಲಿಯೂ ನಿಷೇಧಿಸುತ್ತದೆ.

ಆದರೆ ಶಿಲುಬೆಯ ಮೇಲೆ ನೊಂದವನು ಯಾರು? ಅಲೆಕ್ಸಾಂಡ್ರಿಯದ ಸಿರಿಲನು ವಾಕ್ಯವೇ ನೊಂದಿತು, ವೇದನಾತೀತವಾಗಿ ನೊಂದಿತು ಎಂಬ ವಿರೋಧೋಕ್ತಿಯನ್ನು ಹಿಡಿದನು. ಕಾದು ಕೆಂಪಾದ ಕಬ್ಬಿಣವನ್ನು ಬಡಿದರೆ ಪೆಟ್ಟು ಕಬ್ಬಿಣಕ್ಕೆ ತಗಲುವುದು, ಅದರೊಳಗಿನ ಬೆಂಕಿಯ ಸ್ವಭಾವಕ್ಕೆ ಕುಂದಿಲ್ಲವೆಂಬುದು ಆತನ ಉಪಮಾನ. ತಪ್ತಾಯಃಪಿಂಡದ ದೃಷ್ಟಾಂತವು ವೇದಾಂತಗ್ರಂಥಗಳಲ್ಲಿಯೂ ಪ್ರಸಿದ್ಧವಾದುದೇ. ಆದರೆ ಅಲ್ಲಿ ಆತ್ಮಾನಾತ್ಮಗಳನ್ನು ಒಂದೆಂದು ಭ್ರಮಿಸಿದುದನ್ನು ಬಿಡಿಸಲು ಅದು ಬರುತ್ತದೆ, ಸಿರಿಲನಲ್ಲಿ ಬಿಡಿಸಲಾಗದ ಐಕ್ಯವನ್ನು ಸ್ಥಾಪಿಸಲು ಬರುತ್ತದೆ. ಕ್ಯಾಲ್ಸಿಡನ್ನಿನ ನಿರ್ಣಯವನ್ನು ಒಪ್ಪದೆ ಬೇರೆಯಾದ ಸುರಿಯಾನಿ ಸಭೆಗಳಲ್ಲಿ, ಕೇರಳದ ಮಲಂಕರ ಸುರಿಯಾನಿ ಆರ್ತೊಡಾಕ್ಸ್ ಪಂಗಡಗಳಲ್ಲಿಯೂ ಕೂಡ, ಪವಿತ್ರನೂ ಬಲಿಷ್ಠನೂ ಅಮರನೂ ಆದ ದೇವರನ್ನು ಸಂಬೋಧಿಸುವ ಸ್ತುತಿಯೊಡನೆ, ತಮಗಾಗಿ ಶಿಲುಬೆಗೇರಿದವನೇ ಎಂಬ ಮಾತು ಇಂದಿಗೂ ಸೇರಿಬರುತ್ತದೆ. ಅಮರನು ಸತ್ತನೆಂದು ಒಂದೇ ಉಸಿರಿನಲ್ಲಿ ಹಾಡುವ ಆ ಸಭೆಗಳೂ ದೈವತ್ವಕ್ಕೆ ವಿಕಾರವನ್ನು ಒಪ್ಪುವುದಿಲ್ಲ.

ಭಾರತೀಯ ಪರಿಭಾಷೆಯನ್ನು ಬಳಸುವವರಿಗೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಯೋಗಸೂತ್ರಗಳ ವ್ಯಾಸಭಾಷ್ಯದ ನಾಲ್ಕನೆಯ ಪಾದದಲ್ಲಿ ನಿತ್ಯತೆಯನ್ನು ಕೂಟಸ್ಥನಿತ್ಯತೆ, ಪರಿಣಾಮಿನಿತ್ಯತೆಯೆಂದು ವಿಂಗಡಿಸಿ, ಮೊದಲನೆಯದನ್ನು ಪುರುಷನಿಗೂ ಎರಡನೆಯದನ್ನು ಗುಣಗಳಿಗೂ ಹೇಳಿದೆ. ಕ್ರೈಸ್ತರ ದೇವರು ಪರಿಣಾಮಿಯಲ್ಲವೆಂಬುದು ಸ್ಪಷ್ಟ. ಆದರೆ ಸಾಂಖ್ಯಯೋಗಗಳ ಪುರುಷನಂತೆ ಆತನು ಬರಿಯ ಸಾಕ್ಷಿಯೂ ಅಲ್ಲ; ಸೃಷ್ಟಿಸುತ್ತಾನೆ, ಮಾತಾಡುತ್ತಾನೆ, ಕರೆಯುತ್ತಾನೆ. ಕೂಟಸ್ಥನೆಂದು ಭಾಷಾಂತರಿಸಿದವನು ಅರ್ಧವನ್ನು ಗೆದ್ದು ಅರ್ಧವನ್ನು ಸೋತಂತೆ.

ಕರ್ತೃತ್ವವೂ ನಿರ್ವಿಕಾರತ್ವವೂ ಒಂದೆಡೆ ನಿಲ್ಲುವುದು ಹೇಗೆಂಬುದನ್ನು ತರ್ಕಬದ್ಧವಾಗಿ ನಿರೂಪಿಸಿದವನು ಹದಿಮೂರನೆಯ ಶತಮಾನದ ತೋಮಾಸ್ ಅಕ್ವಿನಾಸ್. ಆತನ ‘ಸುಮ್ಮಾ’ದ ಮೊದಲನೆಯ ಭಾಗದ ಒಂಬತ್ತನೆಯ ಪ್ರಶ್ನೆಯು ಇದಕ್ಕೇ ಮೀಸಲಾಗಿದೆ. ಇನ್ನೂ ಸಾಧಿಸಬೇಕಾದ ಶಕ್ಯತೆಯಾವುದೂ ದೇವರಲ್ಲಿ ಉಳಿದಿಲ್ಲ, ಆತನು ಪರಿಪೂರ್ಣವಾದ ಕ್ರಿಯೆಯೇ ಆಗಿದ್ದಾನೆ. ಆದುದರಿಂದ ಆತನ ಅಚಲತೆಯು ಕಲ್ಲಿನ ಅಚಲತೆಯಲ್ಲ. ಸಂಕಲ್ಪವನ್ನು ಬದಲಾಯಿಸುವುದು ಬೇರೆ, ಬದಲಾವಣೆಯನ್ನು ಸಂಕಲ್ಪಿಸುವುದು ಬೇರೆಯೆಂಬ ಭೇದವನ್ನೂ ಆತನು ತೋರಿಸಿದನು. ಇಂದು ರೋಗಿಗೆ ಲಂಘನವನ್ನೂ ನಾಳೆ ಪಥ್ಯಾನ್ನವನ್ನೂ ವಿಧಿಸುವ ವೈದ್ಯನು ಮನಸ್ಸನ್ನು ಬದಲಾಯಿಸಿದವನಲ್ಲವೆಂದು ಇದನ್ನು ವಿವರಿಸಬಹುದು. ಪ್ರಾರ್ಥನೆಯ ವಿಷಯದಲ್ಲಿ ಆತನ ಸಮಾಧಾನವು ಇದರಿಂದಲೇ ಹೊರಡುತ್ತದೆ: ದೇವರ ನಿಯತಿಯನ್ನು ತಿರುಗಿಸಲು ಪ್ರಾರ್ಥನೆಯಲ್ಲ, ಪ್ರಾರ್ಥನೆಯ ಮೂಲಕ ಇಂತಿಂತಹುದು ದೊರೆಯಲೆಂದು ನಿಯತಿಯಲ್ಲಿಯೇ ಇದೆ. ಬೀಜವನ್ನು ಬಿತ್ತದೆ ಬೆಳೆಯಿಲ್ಲವೆಂಬುದೂ ನಿಯತಿಯೇ. ಅದಕ್ಕಾಗಿ ಬಿತ್ತನೆಯು ವ್ಯರ್ಥವೆಂದು ಯಾರೂ ಹೇಳುವುದಿಲ್ಲ. ತರ್ಕಕ್ಕೆ ಇದು ಸಾಕು. ರಾತ್ರಿಯೆಲ್ಲ ಮೊರೆಯಿಟ್ಟ ಸಮುವೇಲನಿಗೆ ಸಾಕಾಗುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ.

ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಈ ಅಸಮಾಧಾನವು ಪ್ರಕಟವಾಗತೊಡಗಿತು. ಜರ್ಮನಿ ದೇಶದ ಐಸಾಕ್ ಡಾರ್ನರನು ೧೮೫೬ರಿಂದ ೧೮೫೮ರವರೆಗೆ ಪ್ರಕಟಿಸಿದ ಪ್ರಬಂಧಗಳಲ್ಲಿ ದೇವರ ಸ್ಥಿರತೆಯನ್ನು ಸತ್ತೆಯ ಸ್ಥಿರತೆಯಾಗಿ ಕಾಣದೆ ಧರ್ಮದ, ಪ್ರೇಮದ ಸ್ಥಿರತೆಯಾಗಿ ಕಾಣಬೇಕೆಂದು ವಾದಿಸಿದನು. ೧೯೨೯ರಲ್ಲಿ ಪ್ರಕಟವಾದ ವೈಟ್‌ಹೆಡ್ಡನ ‘ಪ್ರೊಸೆಸ್ ಅಂಡ್ ರಿಯಾಲಿಟಿ’ಯು ದೇವರಲ್ಲಿಯೇ ಮಾರ್ಪಡದ ಒಂದು ಮುಖವನ್ನೂ ಲೋಕದೊಡನೆ ಬೆಳೆಯುವ ಒಂದು ಮುಖವನ್ನೂ ಕಲ್ಪಿಸಿತು, ಇದು ಹಳೆಯ ಸಭೆಗಳ ಎಲ್ಲೆಯನ್ನು ಸ್ಪಷ್ಟವಾಗಿ ದಾಟಿದ ಮಾತು. ಕಾರ್ಲ್ ಬಾರ್ತನು ೧೯೪೦ರಲ್ಲಿ ಪ್ರಕಟವಾದ ಸಂಪುಟದಲ್ಲಿ ನಿರ್ವಿಕಾರತ್ವವೆಂಬ ನಿಷೇಧಪದವು ಸತ್ತವಸ್ತುವನ್ನು ನೆನಪಿಗೆ ತರುತ್ತದೆಂದು ಅದನ್ನು ಬಿಟ್ಟು, ದೃಢತೆಯೆಂಬರ್ಥದ ವಿಧಿಪದವನ್ನು ಆರಿಸಿಕೊಂಡನು. ಯುರ್ಗೆನ್ ಮೋಲ್ಟ್‌ಮನ್ನನ ‘ಶಿಲುಬೆಗೇರಿದ ದೇವರು’ ಎಂಬ ೧೯೭೨ರ ಗ್ರಂಥವು, ನೋಯಲಾರದವನು ಪ್ರೀತಿಸಲೂ ಆರನೆಂದು ನೇರವಾಗಿಯೇ ಹೇಳಿತು. ಇದಕ್ಕೆ ಎದುರಾಗಿ, ಮುಳುಗುತ್ತಿರುವವನೊಡನೆ ತಾನೂ ಮುಳುಗುವುದು ಸಹಾನುಭೂತಿಯಾಗಬಹುದೇ ಹೊರತು ರಕ್ಷಣೆಯಾಗದೆಂದು ಹಳೆಯ ಪಕ್ಷದವರು ಕೊಡುವ ಉತ್ತರವೂ ಹಗುರವಾದುದಲ್ಲ.

ಈ ನವೀನರಲ್ಲಿ ಸಾಹಿತ್ಯವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸತಕ್ಕವನು ಜಪಾನಿನ ಕಿತಾಮೊರಿ ಕಾಜೋ. ‘ದೇವರ ವೇದನೆಯ ತತ್ತ್ವ’ವೆಂಬ ಆತನ ಗ್ರಂಥವು ಯುದ್ಧವು ಮುಗಿದ ಮರುವರ್ಷ, ೧೯೪೬ರಲ್ಲಿ, ಪ್ರಕಟವಾಯಿತು. ಯೆರೆಮೀಯನ ೩೧ನೆಯ ಅಧ್ಯಾಯದಲ್ಲಿ, ದಂಡಿಸಬೇಕಾಗಿ ಬಂದ ಎಫ್ರಾಯೀಮನಿಗಾಗಿ ದೇವರ ಕರುಳು ಕುದಿಯುತ್ತದೆಂಬ ಭಾವದ ಹೀಬ್ರೂ ಕ್ರಿಯಾಪದವನ್ನು ಆತನು ತನ್ನ ವಿಚಾರಕ್ಕೆ ಮೂಲವಾಗಿ ಹಿಡಿದನು. ಅದರ ಅರ್ಥವನ್ನು ತನ್ನ ಜನರಿಗೆ ತಿಳಿಸಲು ಗ್ರೀಕರ ಪದವನ್ನಾಗಲಿ ಲ್ಯಾಟಿನ್ ಪದವನ್ನಾಗಲಿ ಬಳಸದೆ ಜಪಾನೀ ದುಃಖನಾಟಕಗಳ ‘ತ್ಸುರಾಸ’ ಎಂಬ ಭಾವಕ್ಕೆ ಹೋದನು. ಪರರ ಪ್ರಾಣವನ್ನುಳಿಸಲು ತನಗೆ ಪ್ರಿಯರಾದವರನ್ನೇ ಬಲಿಗೊಟ್ಟು, ಆ ಸಂಕಟವನ್ನು ತುಟಿಯ ಮೇಲೆ ತಾರದೆ ನುಂಗಿಕೊಳ್ಳುವುದು ಅದರ ಲಕ್ಷಣ. ೧೭೪೬ರಲ್ಲಿ ಮೊದಲು ಗೊಂಬೆಯಾಟಕ್ಕಾಗಿ ಬಂದ ‘ಸುಗವಾರ’ ನಾಟಕದ ಪಾಠಶಾಲೆಯ ದೃಶ್ಯದಲ್ಲಿ ಮತ್ಸುವೊನು ಹಿಂದಿನ ಒಡೆಯನ ಮಗನನ್ನು ಉಳಿಸುವುದಕ್ಕಾಗಿ ತನ್ನ ಮಗನ ತಲೆಯನ್ನು ಒಪ್ಪಿಸಿ, ಎದುರಿಗೆ ತಂದಿಟ್ಟ ಆ ತಲೆಯನ್ನು ಕಂಡು, ಬೇಕಾದವನದೇ ಹೌದೆಂದು ಮುಖದಲ್ಲಿ ಏನನ್ನೂ ತೋರಗೊಡದೆ ಸಾಕ್ಷಿನುಡಿಯುತ್ತಾನೆ.